ಡಾಕ್ಟರ್ ಸಹಿಗೆ ಕಾಯೋ ಕ್ಯೂ: ಫ್ರೀ ಸ್ಟೇಟ್‌ನಲ್ಲಿ ಎಚ್‌ಐವಿ ಚಿಕಿತ್ಸೆ ನರ್ಸ್‌ಗಳ ಕೈಗೆ ಬಂದ ಪ್ರಕರಣ

ದಕ್ಷಿಣ ಆಫ್ರಿಕಾದ ಫ್ರೀ ಸ್ಟೇಟ್ ಪ್ರಾಂತ್ಯದಲ್ಲಿ 2004ರಲ್ಲಿ ಸರ್ಕಾರದವರು ಎಚ್‌ಐವಿ ಔಷಧಿ ಕೊಡೋಕೆ ಶುರು ಮಾಡಿದ್ರು. ಹೆಸರು ಬರೆಸಿದವರ ಗತಿ ಏನಾಯ್ತು ಅಂತ ಒಂದು ಸ್ಟಡಿ ಆಯ್ತು, 2008ರಲ್ಲಿ ಪ್ರಕಟ ಆಯ್ತು. ಕನಿಷ್ಠ ಒಂದು ವರ್ಷ ಫಾಲೋ ಅಪ್ ಆಗಿದ್ದ 4570 ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತೀರ್ಕೊಂಡಿದ್ರು. ಅದು ಎಚ್‌ಐವಿ, ಸಾವು ಇರುತ್ತೆ ಅಂತ ಅನ್ಕೊಂಡು ಮುಂದೆ ಹೋಗ್ಬೇಡಿ, ಮುಂದಿನ ಸಾಲು ಓದಿ. ಹಾಗೆ ಸತ್ತವರಲ್ಲಿ 100ಕ್ಕೆ 87 ಜನ ಔಷಧಿಯ ಒಂದು ಮಾತ್ರೆನೂ ನುಂಗಿರಲಿಲ್ಲ. ಪ್ರೋಗ್ರಾಂ ಇತ್ತು, ಔಷಧಿ ಬಂದಿತ್ತು, ಹೆಸರು ರಿಜಿಸ್ಟರ್‌ನಲ್ಲಿತ್ತು, ಜನ ಕ್ಯೂನಲ್ಲೇ ಸತ್ರು.

ಆರೋಗ್ಯದಲ್ಲಿ ಸಮಾನತೆ ಅನ್ನೋ ಪಾಠ ನರ್ಸಿಂಗ್ ಕೋರ್ಸ್‌ನಲ್ಲಿ ಬಂದಾಗಲೆಲ್ಲ ಡೆಫಿನಿಷನ್ ಬರೆಸಿ, ಒಂದು ಚಾರ್ಟ್ ತೋರಿಸಿ, ಐದು ಮಾರ್ಕ್ಸಿನ ಪ್ರಶ್ನೆ ಅಂತ ಹೇಳಿ ಮುಗಿಸಿಬಿಡ್ತೀವಿ. ಅದರ ಬದಲು ಈ ಒಂದು ಪ್ರಾಂತ್ಯದ ಕಥೆನ ಶುರುವಿಂದ ಕೊನೇವರೆಗೂ ಬಿಡಿಸಿ ನೋಡಿದ್ರೆ ನರ್ಸ್‌ಗಳಿಂದ ಏನಾಗುತ್ತೆ, ಏನಾಗಲ್ಲ ಎರಡೂ ಗೊತ್ತಾಗುತ್ತೆ. ಏನಾಗಲ್ಲ ಅನ್ನೋದನ್ನ ಯಾರೂ ಹೇಳಲ್ಲ, ಅದಕ್ಕೇ ನಾನು ಈ ಕೇಸ್ ಎತ್ಕೊಂಡಿದ್ದು.

ಮೊದಲು ಹಿನ್ನೆಲೆ. 2000ದ ಹೊತ್ತಿಗೆ ಎಚ್‌ಐವಿಗೆ ಮೂರು ಔಷಧಿ ಸೇರಿಸಿ ಕೊಡೋ ಚಿಕಿತ್ಸೆ ಶ್ರೀಮಂತ ದೇಶಗಳಲ್ಲಿ ಮಾಮೂಲಾಗಿತ್ತು, ಅಲ್ಲಿ ಸಾವು ಸರ್ರಂತ ಇಳಿದಿತ್ತು. ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರ್ ಮೇಲೆ ಖರ್ಚು. ಆಫ್ರಿಕಾದಲ್ಲಿ ಯಾರ ಕೈಗೂ ಎಟುಕೋ ಮಾತಲ್ಲ. 2001ರ ಫೆಬ್ರವರಿಯಲ್ಲಿ ನಮ್ಮ ಮುಂಬೈನ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅದೇ ಮೂರು ಔಷಧಿನ ವರ್ಷಕ್ಕೆ 350 ಡಾಲರ್‌ಗೆ ಕೊಡ್ತೀನಿ ಅಂದ್ರು, ಅಲ್ಲಿಂದ ಬೆಲೆ ಇಳಿಯೋಕೆ ಶುರುವಾಗಿದ್ದು ನಿಲ್ಲಲೇ ಇಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ, ದಕ್ಷಿಣ ಆಫ್ರಿಕಾ ಸರ್ಕಾರದ ಮೇಲೆ ಅಗ್ಗದ ಔಷಧಿ ಕಾನೂನಿನ ವಿಷಯಕ್ಕೆ ಕೇಸ್ ಹಾಕಿದ್ದ 39 ಔಷಧಿ ಕಂಪನಿಗಳು ಜಗತ್ತೆಲ್ಲ ಉಗಿದಿದ್ದಕ್ಕೆ ಕೇಸ್ ವಾಪಸ್ ತಗೊಂಡ್ವು.

ಆದ್ರೆ ಬೆಲೆ ಇಳಿದ ಮೇಲೂ ಅಲ್ಲಿನ ಸರ್ಕಾರ ಔಷಧಿ ಕೊಡಲಿಲ್ಲ. ಅಧ್ಯಕ್ಷ ಥಾಬೋ ಎಂಬೆಕಿಗೆ ಎಚ್‌ಐವಿಯಿಂದಾನೇ ಏಡ್ಸ್ ಬರುತ್ತೆ ಅನ್ನೋದರ ಮೇಲೇ ಅನುಮಾನ, ಆರೋಗ್ಯ ಮಂತ್ರಿ ಮಾಂಟೊ ಶಬಲಾಲ-ಎಂಸಿಮಾಂಗ್ ಬೆಳ್ಳುಳ್ಳಿ, ಬೀಟ್‌ರೂಟ್, ನಿಂಬೆಹಣ್ಣು ತಿನ್ನಿ ಅಂತ ಹೇಳ್ಕೊಂಡು ಓಡಾಡಿದ್ರು. ಟ್ರೀಟ್‌ಮೆಂಟ್ ಆಕ್ಷನ್ ಕ್ಯಾಂಪೇನ್ ಅನ್ನೋ ಸಂಘಟನೆ ಕೋರ್ಟ್‌ಗೆ ಹೋಯ್ತು, 2002ರಲ್ಲಿ ಸಂವಿಧಾನ ನ್ಯಾಯಾಲಯ ಗರ್ಭಿಣಿಯರಿಗೆ ನೆವಿರಪಿನ್ (ತಾಯಿಯಿಂದ ಮಗುವಿಗೆ ಎಚ್‌ಐವಿ ದಾಟದ ಹಾಗೆ ತಡೆಯೋ ಔಷಧಿ) ಕೊಡಲೇಬೇಕು ಅಂತ ತೀರ್ಪು ಕೊಡ್ತು. ಆ ಸಂಘಟನೆ ಕಟ್ಟಿದ ಝಾಕಿ ಅಖ್ಮತ್‌ಗೆ ಸ್ವತಃ ಎಚ್‌ಐವಿ ಇತ್ತು, ಸರ್ಕಾರಿ ಆಸ್ಪತ್ರೆಯಲ್ಲಿ ಬಡವರಿಗೆ ಸಿಗೋವರೆಗೂ ನಾನೂ ಮಾತ್ರೆ ಮುಟ್ಟಲ್ಲ ಅಂತ ಹಠ ಹಿಡಿದಿದ್ರು. ಕೊನೆಗೆ 2003ರ ನವೆಂಬರ್‌ನಲ್ಲಿ ಸರ್ಕಾರ ಯೋಜನೆಗೆ ಒಪ್ಪಿತು, 2004ರಲ್ಲಿ ವಿತರಣೆ ಶುರು. ಈ ತಡದಿಂದ 2000ದಿಂದ 2005ರೊಳಗೆ 3 ಲಕ್ಷ 30 ಸಾವಿರಕ್ಕೂ ಜಾಸ್ತಿ ಜೀವ ಹೋಯ್ತು ಅಂತ ಹಾರ್ವರ್ಡ್‌ನವರು ಆಮೇಲೆ ಲೆಕ್ಕ ಹಾಕಿದ್ರು.

ಈಗ ಫ್ರೀ ಸ್ಟೇಟ್‌ಗೆ ಬರೋಣ. ದೇಶದ ಮಧ್ಯಭಾಗ, ಮೆಕ್ಕೆಜೋಳದ ಹೊಲಗಳು, ವೆಲ್ಕಮ್ ಕಡೆ ಚಿನ್ನದ ಗಣಿ, ಒಂದು ಮಗ್ಗುಲಲ್ಲಿ ಲೆಸೊಥೊ ದೇಶ. ಕರ್ನಾಟಕದ ಮೂರನೇ ಎರಡು ಭಾಗದಷ್ಟು ಜಾಗ, ಜನ ಮಾತ್ರ 30 ಲಕ್ಷಕ್ಕೂ ಕಮ್ಮಿ. ಅಂದ್ರೆ ಊರಿಂದ ಊರಿಗೆ ದೂರ, ಬಸ್ಸಿಗಿಂತ ಜನ ನಂಬಿಕೊಂಡಿರೋದು ಮಿನಿಬಸ್ ಟ್ಯಾಕ್ಸಿನ, ಅದಕ್ಕೆ ದುಡ್ಡು ಬೇಕು. ಡಾಕ್ಟರ್‌ಗಳು ಇದ್ರು, ಆದ್ರೆ ಇಡೀ ದೇಶದಲ್ಲೇ ಬಹಳಷ್ಟು ಡಾಕ್ಟರ್‌ಗಳು ಪ್ರೈವೇಟ್‌ನಲ್ಲಿ. ದಕ್ಷಿಣ ಆಫ್ರಿಕಾದಲ್ಲಿ ಆರೋಗ್ಯಕ್ಕೆ ಆಗೋ ಖರ್ಚಲ್ಲಿ ಹತ್ತಿರ ಹತ್ತಿರ ಅರ್ಧ ಇನ್ಶೂರೆನ್ಸ್ ಇರೋ ಆರರಲ್ಲಿ ಒಂದು ಭಾಗ ಜನಕ್ಕೇ ಹೋಗುತ್ತೆ. ಮಿಕ್ಕವರಿಗೆ ಸರ್ಕಾರಿ ಕ್ಲಿನಿಕ್, ಅಲ್ಲಿರೋದು ನರ್ಸ್. ನಮ್ಮ ಹಾಗೇ ಅಲ್ಲೂ ಜನ ಸಿಸ್ಟರ್ ಅಂತಾನೇ ಕರೆಯೋದು.

ಕ್ಯೂ ಹೇಗಿತ್ತು ಅಂತ ಸ್ವಲ್ಪ ವಿವರವಾಗಿ ನೋಡಿ, ಯಾಕಂದ್ರೆ ಇಡೀ ಪ್ರಕರಣ ಇರೋದು ಇಲ್ಲೇ. ಕ್ಲಿನಿಕ್‌ನಲ್ಲಿ ಟೆಸ್ಟ್ ಮಾಡಿಸಿ ಪಾಸಿಟಿವ್ ಬಂತು ಅನ್ನಿ. ಸಿಡಿ4 ಎಣಿಸೋಕೆ ರಕ್ತ ತೆಗೀತಾರೆ, ರಿಪೋರ್ಟ್‌ಗೆ ಮತ್ತೆ ಬರಬೇಕು. ಸಿಡಿ4 ಅಂದ್ರೆ ಸೋಂಕಿನ ವಿರುದ್ಧ ಹೋರಾಡೋ ಒಂದು ಥರ ಬಿಳಿ ರಕ್ತಕಣ, ಎಚ್‌ಐವಿ ಕೊಲ್ಲೋದು ಅದನ್ನೇ. ಆರೋಗ್ಯವಂತರಿಗೆ ಸಿಡಿ4 ಸಾಮಾನ್ಯವಾಗಿ 500ರ ಮೇಲಿರುತ್ತೆ, ಅಲ್ಲಿ ಔಷಧಿಗೆ ಅರ್ಹ ಅನ್ನಿಸ್ಕೊಳ್ಳೋಕೆ 200ಕ್ಕಿಂತ ಕೆಳಗೆ ಬಿದ್ದಿರಬೇಕಿತ್ತು. ಆ ಮಟ್ಟಕ್ಕೆ ಬಂದವರಿಗೆ ಟಿಬಿ, ಮೆದುಳು ಪೊರೆಯ ಸೋಂಕು, ನ್ಯುಮೋನಿಯ ಯಾವಾಗ ಬೇಕಾದ್ರೂ ಹೊಡೀಬಹುದು. ಸರಿ, 200ಕ್ಕಿಂತ ಕಮ್ಮಿ ಅಂತ ಬಂತು. ಆಮೇಲೆ ಮಾತ್ರೆ ತಪ್ಪಿಸಬಾರದು ಅಂತ ತಯಾರಿ ಕ್ಲಾಸುಗಳು, ಅದಕ್ಕೆ ಇನ್ನಷ್ಟು ಸಲ ಓಡಾಟ. ಆಮೇಲೆ ಡಾಕ್ಟರ್ ಇರೋ ಆಸ್ಪತ್ರೆಗೆ ಡೇಟ್ ಹಾಕಿಸಬೇಕು, ಡೇಟ್ ಸಿಗೋದೇ ವಾರಗಟ್ಟಲೆ ತಿಂಗಳುಗಟ್ಟಲೆ. ಡಾಕ್ಟರ್ ನೋಡಿ ಚೀಟಿ ಬರೆದು ಸಹಿ ಹಾಕಿದ್ರೆ ಮಾತ್ರ ಫಾರ್ಮಸಿಯಿಂದ ಆ ರೋಗಿ ಹೆಸರಲ್ಲಿ ಪ್ಯಾಕೆಟ್ ಕಟ್ಟಿ ಊರಿನ ಕ್ಲಿನಿಕ್‌ಗೆ ಕಳಿಸ್ತಾರೆ. ಆ ಪ್ಯಾಕೆಟ್ ತಿಂಗಳು ತಿಂಗಳು ಕೈಗೆ ಕೊಡೋದು, ತೂಕ ನೋಡೋದು, ತೊಂದರೆ ಕೇಳೋದು, ಬರದೇ ಇದ್ರೆ ಹುಡುಕಿಸೋದು ಎಲ್ಲ ನರ್ಸೇ. ಸಹಿ ಮಾತ್ರ ಡಾಕ್ಟರ್‌ದು.

ಇಲ್ಲಿ ವಿಚಿತ್ರ ಏನಂದ್ರೆ, ಆ ನರ್ಸ್‌ಗಳಿಗೆ ಚೀಟಿ ಬರೆಯೋದು ಹೊಸದೇನಲ್ಲ. ಡಾಕ್ಟರ್ ಇಲ್ಲದ ಕಡೆ ನರ್ಸ್ ರೋಗ ಪತ್ತೆ ಮಾಡಿ ಔಷಧಿ ಕೊಡೋಕೆ ದಕ್ಷಿಣ ಆಫ್ರಿಕಾದ ಹಳೇ ನರ್ಸಿಂಗ್ ಕಾನೂನಲ್ಲೇ, ಅಂದ್ರೆ 1978ರ ಕಾಯ್ದೆಯ 38ಎ ಕಲಮಿನಲ್ಲೇ ದಾರಿ ಇತ್ತು. ಟಿಬಿ, ಗುಪ್ತರೋಗ, ಬಿಪಿ, ಶುಗರ್, ಮಕ್ಕಳ ಜ್ವರ ಎಲ್ಲಾನೂ ಕ್ಲಿನಿಕ್‌ನ ಸಿಸ್ಟರ್ ನೋಡ್ತಿದ್ರು, ಔಷಧಿ ಕೊಡ್ತಿದ್ರು. ಆರು ತಿಂಗಳ ಟಿಬಿ ಕೋರ್ಸ್ ಶುರು ಮಾಡೋ ಕೈಗೆ ಎಚ್‌ಐವಿ ಮಾತ್ರೆ ಶುರು ಮಾಡೋ ಅಧಿಕಾರ ಇರಲಿಲ್ಲ. ಹತ್ತು ಹಳ್ಳಿಗೆ ಒಂದೇ ನಲ್ಲಿ ಇಟ್ಟು ಅದರ ಬೀಗದ ಕೈ ಪಟ್ಟಣದವರ ಹತ್ರ ಕೊಟ್ಟಂಗೆ.

ಹೆದರಿಕೆಗೆ ಕಾರಣ ಇರಲಿಲ್ಲ ಅಂತ ನಾನು ಹೇಳ್ತಿಲ್ಲ. ಆಗಿನ ಮುಖ್ಯ ಔಷಧಿ ಸ್ಟಾವುಡಿನ್, ಅದು ಸುಮ್ನೆ ಮಾತ್ರೆ ಅಲ್ಲ. ಕೆಲವರಿಗೆ ಕೆನ್ನೆ ಕೈಕಾಲಿನ ಕೊಬ್ಬು ಕರಗಿ ಮುಖ ಬತ್ತಿ ಹೋಗುತ್ತೆ, ಪಾದ ಉರಿಯುತ್ತೆ, ಅಪರೂಪಕ್ಕೆ ರಕ್ತದಲ್ಲಿ ಲ್ಯಾಕ್ಟಿಕ್ ಆಸಿಡ್ ಏರಿ ಜೀವಕ್ಕೇ ಕುತ್ತು ಬರುತ್ತೆ. ನೆವಿರಪಿನ್ ಲಿವರ್‌ಗೆ ಹೊಡೀಬಹುದು. ಟಿಬಿ ಔಷಧಿ ರಿಫಾಂಪಿಸಿನ್ ಜೊತೆ ಅದು ಸರಿ ಹೋಗಲ್ಲ, ಅದರ ಬದಲು ಎಫವಿರೆಂಜ್ ಕೊಡಬೇಕು, ಆದ್ರೆ ಬಸುರಿ ಆಗೋ ಯೋಚನೆ ಇರೋ ಹೆಂಗಸರಿಗೆ ಎಫವಿರೆಂಜ್ ಬೇಡ ಅಂತ ಆಗಿನ ನಿಯಮ. ಇಷ್ಟೆಲ್ಲ ನರ್ಸ್ ಕೈಲಿ ಆಗುತ್ತಾ ಅಂತ ಕೇಳಿದವರೆಲ್ಲ ಅಹಂಕಾರಕ್ಕೇ ಕೇಳಿದ್ದಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕೋಕೆ ಕೇಪ್ ಟೌನ್ ಯೂನಿವರ್ಸಿಟಿಯ ತಂಡ ಮತ್ತು ಫ್ರೀ ಸ್ಟೇಟ್ ಆರೋಗ್ಯ ಇಲಾಖೆ ಸೇರಿ ಸ್ಟ್ರೆಚ್ ಅನ್ನೋ ಹೆಸರಲ್ಲಿ ಒಂದು ದೊಡ್ಡ ಟ್ರಯಲ್ ಮಾಡಿದ್ರು. 2008ರ ಜನವರಿಯಿಂದ 2010ರ ಜೂನ್‌ವರೆಗೆ, 31 ಕ್ಲಿನಿಕ್, ಅದರಲ್ಲಿ ಚೀಟಿ ಎತ್ತಿದ ಹಾಗೆ 16ರಲ್ಲಿ ಹೊಸ ಪದ್ಧತಿ, 15ರಲ್ಲಿ ಹಳೇದು. ಎರಡೂ ಕಡೆ ಸೇರಿ 15,000 ದಾಟಿ ರೋಗಿಗಳು. ಔಷಧಿ ಇನ್ನೂ ಶುರು ಆಗದ, ಸಿಡಿ4 350ರವರೆಗೆ ಇದ್ದವರು ಒಂದು ಗುಂಪು, ಆಗಲೇ ಔಷಧಿ ಮೇಲಿದ್ದು ಸ್ಥಿರವಾಗಿರೋರು ಇನ್ನೊಂದು ಗುಂಪು.

ನನಗೆ ತುಂಬಾ ಇಷ್ಟ ಆಗಿದ್ದು ಟ್ರೈನಿಂಗ್ ಮಾಡಿದ ರೀತಿ. ನಮ್ಮಲ್ಲಿ ಟ್ರೈನಿಂಗ್ ಅಂದ್ರೆ ಏನು ಹೇಳಿ, ಜಿಲ್ಲಾ ಕೇಂದ್ರಕ್ಕೆ ಕರೆಸಿ ಹಾಲ್‌ನಲ್ಲಿ ಕೂರಿಸಿ ಸ್ಲೈಡ್ ಓಡಿಸಿ ಊಟ ಹಾಕಿ ಸರ್ಟಿಫಿಕೇಟ್ ಕೊಟ್ಟು ಕಳಿಸೋದು, ಆ ದಿನ ಕ್ಲಿನಿಕ್‌ಗೆ ಬಂದ ರೋಗಿ ಬಾಗಿಲು ನೋಡಿ ವಾಪಸ್. ಅಲ್ಲಿ ಟ್ರೈನರ್ ಕ್ಲಿನಿಕ್‌ಗೇ ಬರ್ತಿದ್ರು, ಟ್ರೈನರ್ ಕೂಡ ನರ್ಸೇ. ಒಬ್ಬಿಬ್ಬರನ್ನ ಆರಿಸ್ಕೊಳ್ಳದೆ ಇರೋ ನರ್ಸ್‌ಗಳನ್ನೆಲ್ಲ ಒಟ್ಟಿಗೆ ಕೂರಿಸ್ಕೊಂಡು, ಒಂದೊಂದು ಗಂಟೆ ಒಂದೂವರೆ ಗಂಟೆ, ಕೇಸ್ ಇಟ್ಕೊಂಡು ಮಾತಾಡೋದು, ಆಮೇಲೆ ಮತ್ತೆ ಬರೋದು. ಕೈಯಲ್ಲಿ ಇದ್ದಿದ್ದು ಪಾಲ್ಸಾ ಪ್ಲಸ್ ಅನ್ನೋ ಮಾರ್ಗದರ್ಶಿ, ಬಣ್ಣಬಣ್ಣದ ಪುಟ. ಅದು ರೋಗದ ಹೆಸರಿಂದ ಶುರುವಾಗಲ್ಲ, ರೋಗಿ ಬಾಯಲ್ಲಿ ಬರೋ ತೊಂದರೆಯಿಂದ ಶುರುವಾಗುತ್ತೆ: ಕೆಮ್ಮು, ಬೇಧಿ, ತೂಕ ಇಳಿದಿದೆ, ಚರ್ಮದ ಮೇಲೆ ಗುಳ್ಳೆ.

ಒಬ್ಬ ಹೆಂಗಸು ಕೂತಿದ್ದಾಳೆ ಅಂತ ಇಟ್ಕೊಳ್ಳಿ, ಸಿಡಿ4 ಚೀಟಿ 160 ಅಂತಿದೆ. ಸಿಸ್ಟರ್ ತೂಕ ನೋಡ್ತಾರೆ, ಹೋದ ಸಲಕ್ಕಿಂತ ಇಳಿದಿದೆಯಾ. ಕೆಮ್ಮು ಎರಡು ವಾರ ದಾಟಿದೆಯಾ, ದಾಟಿದ್ರೆ ಕಫ ಕಳಿಸಬೇಕು, ಟಿಬಿ ಇದ್ದಾಗ ಅದನ್ನ ಬಿಟ್ಟು ಎಚ್‌ಐವಿ ಮಾತ್ರೆ ಮೊದಲು ಶುರು ಮಾಡಿದ್ರೆ ಒಳಗಿದ್ದ ಟಿಬಿ ಭುಗಿಲೇಳಬಹುದು. ಮುಟ್ಟು ಯಾವಾಗ ಆಗಿದ್ದು, ಮಕ್ಕಳು ಬೇಕು ಅಂತ ಇದೆಯಾ. ಲಿವರ್ ಟೆಸ್ಟ್ ರಿಪೋರ್ಟ್ ಬಂದಿದೆಯಾ. ಮನೇಲಿ ಯಾರಿಗಾದ್ರೂ ಹೇಳಿದ್ದೀಯಾ, ಮಾತ್ರೆ ಎಲ್ಲಿ ಇಟ್ಕೊಳ್ತೀಯಾ, ಗಂಡಂಗೆ ಗೊತ್ತಾ. ಈ ಕೊನೇ ಮೂರು ಪ್ರಶ್ನೆ ಸಣ್ಣವು ಅನ್ಕೋಬೇಡಿ, ಮಾತ್ರೆ ಮುಂದುವರಿಯುತ್ತಾ ನಿಲ್ಲುತ್ತಾ ಅನ್ನೋದು ಬಹುಪಾಲು ಇವೇ ಹೇಳ್ತವೆ, ಆಸ್ಪತ್ರೆಯಲ್ಲಿ ನಲವತ್ತು ಜನರನ್ನ ಸಾಲಾಗಿ ನೋಡೋ ಡಾಕ್ಟರ್‌ಗೆ ಇದನ್ನ ಕೇಳೋಕೆ ಪುರುಸೊತ್ತೂ ಇರಲ್ಲ, ಆ ಊರಿನ ಭಾಷೆನೂ ಎಷ್ಟೋ ಸಲ ಬರಲ್ಲ. ಆಗಲೇ ಔಷಧಿ ಮೇಲಿರೋಳು ಬಂದ್ರೆ ಬೇರೆ ಪ್ರಶ್ನೆ: ಪಾದ ಉರಿಯುತ್ತಾ, ವಾಂತಿ ಬರ್ತಿದೆಯಾ, ಕಾರಣ ಇಲ್ದೆ ತೂಕ ಇಳೀತಿದೆಯಾ, ಉಸಿರು ಕಟ್ಟುತ್ತಾ. ದಪ್ಪ ಇರೋ ಹೆಂಗಸರಲ್ಲಿ ಈ ಲಕ್ಷಣ ಕಂಡ್ರೆ ಸ್ಟಾವುಡಿನ್ ಮೇಲೆ ಅನುಮಾನ, ತಡ ಮಾಡದೆ ಡಾಕ್ಟರ್ ಹತ್ರ.

ಒಂದೇ ಸಲಕ್ಕೆ ಎಲ್ಲಾ ಕೊಟ್ಟುಬಿಡಲಿಲ್ಲ. ಮೊದಲು ಸ್ಥಿರವಾಗಿರೋ ರೋಗಿಗಳ ಚೀಟಿ ರಿನ್ಯೂ ಮಾಡೋದು, ಕೈ ಪಳಗಿದ ಮೇಲೆ ಹೊಸಬರಿಗೆ ಶುರು ಮಾಡೋದು. ಕಾಂಪ್ಲಿಕೇಟೆಡ್ ಕೇಸ್ ಡಾಕ್ಟರ್‌ಗೇ. ಹಾಗಾಗಿ ಡಾಕ್ಟರ್‌ಗೆ ಕೆಲಸ ಹೋಗಲಿಲ್ಲ, ನಿಜವಾಗಲೂ ಡಾಕ್ಟರ್ ಬೇಕಾದವರು ಅವರ ಹತ್ರ ಹೋದ್ರು.

ಇಷ್ಟೆಲ್ಲ ನಡೀತಿರುವಾಗ 2008ರ ನವೆಂಬರ್‌ನಲ್ಲಿ ಪ್ರಾಂತ್ಯದ ದುಡ್ಡು ಖಾಲಿ. ಹೊಸಬರಿಗೆ ಯಾರಿಗೂ ಎಚ್‌ಐವಿ ಔಷಧಿ ಶುರು ಮಾಡಬೇಡಿ ಅಂತ ಆರ್ಡರ್ ಬಂತು. ಹಳಬರಿಗೆ ಮುಂದುವರಿಸಿ, ಹೊಸಬರು ಕಾಯಲಿ. ಇದು 2009ರ ಶುರುವಿನವರೆಗೂ, ಸುಮಾರು ನಾಲ್ಕು ತಿಂಗಳು ನಡೀತು. ಟ್ರೈನಿಂಗ್ ಆಗಿರೋ ನರ್ಸ್ ಇದ್ದಾರೆ, ಮಾರ್ಗದರ್ಶಿ ಮೇಜಿನ ಮೇಲಿದೆ, ಎದುರಿಗೆ ಸಿಡಿ4 ಕಮ್ಮಿ ಇರೋ ರೋಗಿ ಕೂತಿದ್ದಾರೆ, ಕೊಡೋಕೆ ಮಾತ್ರೆ ಇಲ್ಲ. ಸಮಾನತೆಗೆ ನರ್ಸ್‌ಗಳೇ ಕೀಲಿ ಅಂತ ಭಾಷಣ ಮಾಡೋರು ಈ ನಾಲ್ಕು ತಿಂಗಳನ್ನ ಒಂದ್ಸಲ ನೆನಪು ಮಾಡ್ಕೋಬೇಕು ಅಂತ ನನಗನ್ನಿಸುತ್ತೆ.

ರಿಸಲ್ಟ್ 2012ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆಗಲೇ ಔಷಧಿ ಮೇಲಿದ್ದವರ ಗುಂಪಲ್ಲಿ ವೈರಸ್ ಹತೋಟಿಯಲ್ಲಿದ್ದವರು ನರ್ಸ್ ಕಡೆ 71 ಪರ್ಸೆಂಟ್, ಡಾಕ್ಟರ್ ಕಡೆ 70 ಪರ್ಸೆಂಟ್. ಅಂದ್ರೆ ಏನೂ ವ್ಯತ್ಯಾಸ ಇಲ್ಲ, ಬೇಕಾಗಿದ್ದೂ ಅದೇ, ನರ್ಸ್ ಕೈಗೆ ಕೊಟ್ರೆ ಕೆಡಲ್ಲ ಅಂತ ಸಾಬೀತಾಯ್ತು. ಟಿಬಿ ಪತ್ತೆ ಹಚ್ಚೋದು ನರ್ಸ್ ಕಡೆ ಚೆನ್ನಾಗಿತ್ತು, ಇನ್ನೂ ಕೆಲವು ವಿಷಯದಲ್ಲೂ ಅವರ ಕಡೆನೇ ಸ್ವಲ್ಪ ಮುಂದು. ಇದಕ್ಕೂ ಮುಂಚೆ 2010ರಲ್ಲಿ ಜೊಹಾನ್ಸ್‌ಬರ್ಗ್ ಮತ್ತು ಕೇಪ್ ಟೌನ್ ಕಡೆ 812 ರೋಗಿಗಳ ಮೇಲೆ ಇನ್ನೊಂದು ಟ್ರಯಲ್ ಪ್ರಕಟ ಆಗಿತ್ತು, ಅದರಲ್ಲೂ ಶುರು ಆದಮೇಲೆ ನರ್ಸ್ ನೋಡ್ಕೊಂಡವರಿಗೂ ಡಾಕ್ಟರ್ ನೋಡ್ಕೊಂಡವರಿಗೂ ಲೆಕ್ಕಕ್ಕೆ ಬರೋ ವ್ಯತ್ಯಾಸ ಸಿಗಲಿಲ್ಲ.

ಆದ್ರೆ ಸ್ಟ್ರೆಚ್‌ನ ಮೊದಲ ಗುಂಪು, ಔಷಧಿಗೆ ಕಾಯ್ತಿದ್ದವರು? ಅಲ್ಲಿ ಸಾವು ಕಮ್ಮಿ ಆಗುತ್ತೆ ಅಂತ ಎಲ್ಲರ ನಿರೀಕ್ಷೆ, ಯಾಕಂದ್ರೆ ಕ್ಯೂ ಬೇಗ ಸಾಗುತ್ತೆ ಅಲ್ವಾ. ಆಗಲಿಲ್ಲ. ಒಟ್ಟಾರೆ ನೋಡಿದ್ರೆ ಎರಡೂ ಕಡೆ ಸಾವು ಒಂದೇ ಥರ. ಸಿಡಿ4 201ರಿಂದ 350ರ ಮಧ್ಯೆ ಇದ್ದವರನ್ನ ಮಾತ್ರ ಬೇರೆ ತೆಗೆದು ನೋಡಿದಾಗ ನರ್ಸ್ ಕಡೆ ಸಾವು ಕಮ್ಮಿ ಇದ್ದಂಗೆ ಕಾಣ್ತು, ಅದೂ ಸ್ಟ್ಯಾಟಿಸ್ಟಿಕ್ಸ್ ಲೆಕ್ಕದಲ್ಲಿ ಗಡಿ ಮೇಲೆ ನಿಂತ ರಿಸಲ್ಟ್, ಜಾಸ್ತಿ ಹಿಗ್ಗೋಕಾಗಲ್ಲ.

ಯಾಕೆ ಹೀಗಾಯ್ತು? ನನ್ನ ಓದು ಇಷ್ಟು. ಒಂದು, ದುಡ್ಡಿಲ್ಲ ಅಂತ ಬಾಗಿಲು ಹಾಕಿದ ನಾಲ್ಕು ತಿಂಗಳಲ್ಲಿ ಎರಡೂ ಕಡೆಯವರು ಒಂದೇ ರೀತಿ ಕಾದ್ರು. ನರ್ಸ್‌ಗಳಿಗೆ ಅಧಿಕಾರ ಕೊಟ್ಟ ಕಡೆನೂ ಎಲ್ಲ ನರ್ಸ್‌ಗಳೂ ಮಾರನೇ ದಿನದಿಂದ ಔಷಧಿ ಶುರು ಮಾಡಲಿಲ್ಲ, ಹೆದರಿಕೆ ಇತ್ತು, ಬೇರೆ ಕೆಲಸದ ಹೊರೆ ಇತ್ತು, ಎಷ್ಟೋ ಜನ ರೋಗಿಗಳು ಹಳೇ ಪದ್ಧತಿಯಂತೆ ಡಾಕ್ಟರ್ ಹತ್ರಾನೇ ಹೋದ್ರು. ಎಲ್ಲಕ್ಕಿಂತ ದೊಡ್ಡದು 200ರ ಮಿತಿ. ಸಿಡಿ4 50, 60 ಆಗಿ ಹಾಸಿಗೆ ಹಿಡಿದು ಬರೋರಿಗೆ ವಾರದ ಕ್ಯೂನ ಎರಡು ದಿನ ಮಾಡಿದ್ರೂ ತಡವಾಗೇ ಬಿಟ್ಟಿರುತ್ತೆ. ಆ ಮಿತಿ ಹಾಕಿದ್ದು ಕ್ಲಿನಿಕ್‌ನ ಸಿಸ್ಟರ್ ಅಲ್ಲ, ರಾಜಧಾನಿಯಲ್ಲಿ ಕೂತವರು, ಅವರು ಹಾಗೆ ಹಾಕಿದ್ದಕ್ಕೆ ದುಡ್ಡೂ ಕಾರಣ. ಈ ಟ್ರಯಲ್‌ನ ಹಿಡ್ಕೊಂಡು ನರ್ಸ್‌ಗಳಿಂದ ಪ್ರಯೋಜನ ಆಗಲಿಲ್ಲ ಅನ್ನೋದೂ ತಪ್ಪು, ನರ್ಸ್‌ಗಳಿಗೆ ಪೆನ್ನು ಕೊಟ್ಟ ತಕ್ಷಣ ಸಾವು ನಿಂತುಹೋಯ್ತು ಅನ್ನೋದೂ ಸುಳ್ಳು.

ಪೆನ್ನು, ಮಾತ್ರೆ, ದುಡ್ಡು, ನಿಯಮ ನಾಲ್ಕೂ ಒಂದೇ ಕಡೆ ಸೇರಿದ್ದು 2010ರಲ್ಲಿ. ಅಷ್ಟೊತ್ತಿಗೆ ಎಂಬೆಕಿ ಇಳಿದಿದ್ರು, 2009ರಲ್ಲಿ ಆರೋನ್ ಮೊಟ್ಸೊಅಲೆಡಿ ಆರೋಗ್ಯ ಮಂತ್ರಿ ಆಗಿ ಬಂದ್ರು, ಅವರೇ ಡಾಕ್ಟರ್. ಆ ವರ್ಷ ಡಿಸೆಂಬರ್ 1ಕ್ಕೆ ಹೊಸ ನೀತಿ ಘೋಷಣೆ, 2010ರ ಏಪ್ರಿಲ್‌ನಿಂದ ದೇಶದ ತುಂಬಾ ಟೆಸ್ಟಿಂಗ್ ಅಭಿಯಾನ, ಜೊತೆಗೆ ಎಲ್ಲ ಸರ್ಕಾರಿ ಕ್ಲಿನಿಕ್‌ಗಳಲ್ಲಿ ನರ್ಸ್‌ಗಳೇ ಔಷಧಿ ಶುರು ಮಾಡಬಹುದು ಅಂತ ನಿರ್ಧಾರ. ಸ್ಟ್ರೆಚ್ ರಿಸಲ್ಟ್ ಪ್ರಿಂಟ್ ಆಗೋವರೆಗೂ ಕಾಯಲಿಲ್ಲ ನೋಡಿ, ಕಾದಿದ್ರೆ ಇನ್ನೆರಡು ವರ್ಷ ಹೋಗ್ತಿತ್ತು. ಸರ್ಕಾರವೇ ಕೊಟ್ಟ ಲೆಕ್ಕದ ಪ್ರಕಾರ 2010ರ ಫೆಬ್ರವರಿಯಲ್ಲಿ ಎಚ್‌ಐವಿ ಔಷಧಿ ಸಿಗ್ತಿದ್ದ ಕೇಂದ್ರಗಳು 490, ಕೆಲವೇ ವರ್ಷದಲ್ಲಿ 3540. ಔಷಧಿ ಶುರು ಮಾಡೋಕೆ ಸರ್ಟಿಫೈ ಆಗಿದ್ದ ನರ್ಸ್‌ಗಳು 250 ಇದ್ದವರು 23,000. ಸಿಡಿ4 ಮಿತಿ 2011ರಲ್ಲಿ 350ಕ್ಕೆ ಏರಿತು, 2015ರಲ್ಲಿ 500, 2016ರ ಸೆಪ್ಟೆಂಬರ್‌ನಿಂದ ಪಾಸಿಟಿವ್ ಬಂದವರಿಗೆಲ್ಲ ಎಣಿಕೆ ಎಷ್ಟಿದ್ರೂ ಔಷಧಿ. 2013ರ ಏಪ್ರಿಲ್‌ನಲ್ಲಿ ಮೂರು ಔಷಧಿ ಸೇರಿಸಿದ ಒಂದೇ ಮಾತ್ರೆ ಬಂತು, ಸ್ಟಾವುಡಿನ್ ಹೋಗಿ ಟೆನೊಫೊವಿರ್ ಬಂದಿತ್ತು, ರಾತ್ರಿ ಮಲಗೋವಾಗ ಒಂದು ನುಂಗಿದ್ರೆ ಆಯ್ತು. ಮಾತ್ರೆ ಸರಳ ಆದಷ್ಟೂ ಸಿಸ್ಟರ್ ಕೆಲಸ ಸುಲಭ, ಈ ಎರಡಕ್ಕೂ ಇರೋ ನಂಟು ಎಷ್ಟೋ ಜನಕ್ಕೆ ಹೊಳೆಯಲ್ಲ.

ಔಷಧಿ ಮೇಲಿರೋರು 2010ರ ಹೊತ್ತಿಗೆ ಸುಮಾರು 10 ಲಕ್ಷ, 2015ಕ್ಕೆ 30 ಲಕ್ಷ ದಾಟಿತ್ತು, ಈಗ 50 ಲಕ್ಷದ ಮೇಲೆ, ಒಂದೇ ದೇಶದಲ್ಲಿ ಇಷ್ಟು ದೊಡ್ಡ ಎಚ್‌ಐವಿ ಚಿಕಿತ್ಸೆ ಕಾರ್ಯಕ್ರಮ ಬೇರೆಲ್ಲೂ ಇಲ್ಲ. 2005ರ ಸುಮಾರಿಗೆ 54ರ ಆಸುಪಾಸಲ್ಲಿದ್ದ ಸರಾಸರಿ ಆಯಸ್ಸು ಹತ್ತು ವರ್ಷದಲ್ಲಿ 60 ದಾಟಿತು. ಆ ಪಾಲ್ಸಾ ಪ್ಲಸ್ ಪುಸ್ತಕ ಮುಂದೆ ಬೆಳೆದು ಪ್ಯಾಕ್ ಅನ್ನೋ ಹೆಸರಲ್ಲಿ ಬ್ರೆಜಿಲ್, ನೈಜೀರಿಯ, ಇಥಿಯೋಪಿಯಕ್ಕೂ ಹೋಯ್ತು. ಅಭಿವೃದ್ಧಿ ಹೊಂದ್ತಿರೋ ದೇಶದ ಕ್ಲಿನಿಕ್‌ನಲ್ಲಿ ಹುಟ್ಟಿದ್ದು ಅಂಥದ್ದೇ ಬೇರೆ ದೇಶಕ್ಕೆ ಹೋಗೋದು ಅಪರೂಪ, ಸಾಮಾನ್ಯವಾಗಿ ಎಲ್ಲಾ ಜಿನೀವಾದಲ್ಲಿರೋ ವಿಶ್ವ ಆರೋಗ್ಯ ಸಂಸ್ಥೆಯಿಂದ ಕೆಳಗಿಳಿಯುತ್ತೆ.

ಈಗ ಸ್ವಲ್ಪ ಕಹಿ ವಿಷಯ. ಇದನ್ನ ಟಾಸ್ಕ್ ಶಿಫ್ಟಿಂಗ್ ಅಂತ ಕರೀತಾರೆ, ಕೆಲಸ ವರ್ಗಾಯಿಸೋದು. ಕೆಲಸ ವರ್ಗ ಆಯ್ತು, ಸರಿ, ಸಂಬಳ ವರ್ಗ ಆಯ್ತಾ? ಬೆಳಗ್ಗೆಯಿಂದ ಲಸಿಕೆ, ಬಾಣಂತಿ, ಬಿಪಿ, ಟಿಬಿ ನೋಡ್ತಿದ್ದ ಅದೇ ಸಿಸ್ಟರ್‌ಗೆ ಎಚ್‌ಐವಿ ಚೀಟಿನೂ ಬಂತು, ಅದರ ರಿಜಿಸ್ಟರ್ ಬೇರೆ, ರಿಪೋರ್ಟ್ ಬೇರೆ. ಫ್ರೀ ಸ್ಟೇಟ್‌ನಲ್ಲೂ ನರ್ಸ್‌ಗಳು ಹೆಮ್ಮೆ ಆಯ್ತು ಅಂತಾನೂ ಹೇಳಿದ್ರು, ಹೊರೆ ಆಯ್ತು ಅಂತಾನೂ ಹೇಳಿದ್ರು, ಎರಡೂ ನಿಜಾನೇ. ಡಾಕ್ಟರ್‌ಗಿಂತ ಅಗ್ಗ ಅಂತ ನರ್ಸ್‌ನ ಬಳಸ್ಕೊಳ್ಳೋದಾದ್ರೆ ಅದು ಸಮಾನತೆ ಅಲ್ಲ, ರೋಗಿಗೆ ಆಗ್ತಿದ್ದ ಅನ್ಯಾಯನ ನರ್ಸ್ ತಲೆಗೆ ಕಟ್ಟಿದಂಗೆ.

ಅದರ ಮೇಲೆ ವಲಸೆ. ನಮ್ಮ ನರ್ಸ್‌ಗಳನ್ನ ಎತ್ಕೊಂಡು ಹೋಗಬೇಡಿ ಅಂತ ನೆಲ್ಸನ್ ಮಂಡೇಲ 1997ರಲ್ಲೇ ಬ್ರಿಟನ್‌ಗೆ ಹೇಳಿದ್ರು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ನೇಮಕಾತಿಗೆ ಒಂದು ನೀತಿಸಂಹಿತೆ ಮಾಡ್ತು, ಪಾಲಿಸಲೇಬೇಕು ಅಂತೇನಿಲ್ಲ. ಅದೇ ಸಂಸ್ಥೆಯ 2025ರ ವರದಿ ಪ್ರಕಾರ ಜಗತ್ತಲ್ಲಿ 2 ಕೋಟಿ 98 ಲಕ್ಷ ನರ್ಸ್‌ಗಳಿದ್ದಾರೆ, ಅವರಲ್ಲಿ 78 ಪರ್ಸೆಂಟ್ ಇರೋ ದೇಶಗಳಲ್ಲಿ ವಾಸ ಮಾಡೋದು ಜಗತ್ತಿನ 49 ಪರ್ಸೆಂಟ್ ಜನ, ಇನ್ನೂ 58 ಲಕ್ಷ ನರ್ಸ್‌ಗಳ ಕೊರತೆ. ಬೆಂಗಳೂರು, ಮಂಗಳೂರಿನ ನರ್ಸಿಂಗ್ ಕಾಲೇಜುಗಳಿಂದ ಹೊರಗೆ ಬರೋ ಮಕ್ಕಳಲ್ಲಿ ಎಷ್ಟೋ ಜನ ಮೊದಲ ದಿನದಿಂದಲೇ ಗಲ್ಫ್, ಯುಕೆ, ಜರ್ಮನಿ ಲೆಕ್ಕ ಹಾಕ್ತಿರ್ತಾರೆ. ಅವರನ್ನ ಬೈಯೋಕೆ ನನಗಂತೂ ಬಾಯಿ ಬರಲ್ಲ, ಇಲ್ಲಿ ಪ್ರೈವೇಟ್ ಆಸ್ಪತ್ರೆಗಳು ಎಷ್ಟು ಸಂಬಳ ಕೊಡ್ತವೆ ಅಂತ ಗೊತ್ತಿರೋರು ಯಾರೂ ಬೈಯಲ್ಲ.

ನಮ್ಮ ಕಡೆಗೆ ಈ ಕೇಸ್ ಎಲ್ಲಿ ತಾಗುತ್ತೆ ಅಂದ್ರೆ ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ. 2018ರ ಆಯುಷ್ಮಾನ್ ಭಾರತ್ ಬಂದಮೇಲೆ ಬಿಎಸ್ಸಿ ನರ್ಸಿಂಗ್ ಮಾಡಿರೋರನ್ನ ಆರು ತಿಂಗಳ ಕೋರ್ಸ್ ಮಾಡಿಸಿ ಸಮುದಾಯ ಆರೋಗ್ಯ ಅಧಿಕಾರಿ ಅಂತ ಕೂರಿಸಿದ್ರು, ಎಲ್ಲರೂ ಸಿಎಚ್‌ಓ ಅಂತಾರೆ. 30 ವರ್ಷ ದಾಟಿದವರ ಬಿಪಿ, ಶುಗರ್ ಚೆಕ್ ಮಾಡ್ತಾರೆ. ಆದ್ರೆ ಬಿಪಿ 180 ಬಂದ್ರೂ ಮೊದಲ ಮಾತ್ರೆ ಬರೆಯೋಕೆ ಪಿಎಚ್‌ಸಿ ಡಾಕ್ಟರ್ ಹತ್ರ ಕಳಿಸಬೇಕು, ಅವರು ಬರೆದ ಮೇಲೆ ಮುಂದಿನ ತಿಂಗಳಿಂದ ಸಿಎಚ್‌ಓ ಕೊಡ್ತಾರೆ. ಬಸ್ ಚಾರ್ಜ್, ಒಂದು ದಿನದ ಕೂಲಿ, ಅವತ್ತು ಡಾಕ್ಟರ್ ಮೀಟಿಂಗ್‌ಗೆ ಹೋಗಿರೋದು, ಇದನ್ನೆಲ್ಲ ದಾಟಿ ಹೋಗೋರು ಎಷ್ಟು ಜನ ಅಂತ ಯಾವ ಸಿಎಚ್‌ಓನ ಬೇಕಾದ್ರೂ ಕೇಳಿ ನೋಡಿ. ಇವರಿಗೆ ಸೀಮಿತ ಲೈಸೆನ್ಸ್ ಕೊಡೋಕೆ 2019ರ ನ್ಯಾಷನಲ್ ಮೆಡಿಕಲ್ ಕಮಿಷನ್ ಕಾಯ್ದೆಯ 32ನೇ ಕಲಮಿನಲ್ಲಿ ಅವಕಾಶ ಇದೆ, ಆಗ ಡಾಕ್ಟರ್‌ಗಳು ದೇಶದ ತುಂಬಾ ಸ್ಟ್ರೈಕ್ ಮಾಡಿದ್ರು. ಅರೆಬರೆ ಡಾಕ್ಟರ್‌ಗಳನ್ನ ಹಳ್ಳಿಗೆ ಕಳಿಸ್ತಿದ್ದೀರಾ ಅನ್ನೋದು ಅವರ ವಾದ. ವಾದ ಪೂರ್ತಿ ತಳ್ಳಿಹಾಕೋ ಹಾಗಿಲ್ಲ, ಫ್ರೀ ಸ್ಟೇಟ್‌ನಲ್ಲೂ ಇದೇ ಮಾತು ಬಂದಿತ್ತು, ಅಲ್ಲಿ ಅದಕ್ಕೆ 31 ಕ್ಲಿನಿಕ್‌ನ ಟ್ರಯಲ್ ಮಾಡಿ ಉತ್ತರ ಕೊಟ್ರು, ನಮ್ಮಲ್ಲಿ ಸ್ಟ್ರೈಕ್ ಮತ್ತು ಪ್ರೆಸ್ ಮೀಟ್‌ನಲ್ಲಿ ಮುಗಿಸಿದ್ವಿ.

ಎಚ್‌ಐವಿ ವಿಷಯಕ್ಕೇ ಬಂದ್ರೆ ಭಾರತದಲ್ಲೂ ಉಚಿತ ಔಷಧಿ ಶುರುವಾಗಿದ್ದು ಅದೇ 2004ರ ಏಪ್ರಿಲ್ 1ಕ್ಕೆ. ಇಲ್ಲಿ ದಾರಿ ಬೇರೆ ಆಯ್ತು, ಎಆರ್‌ಟಿ ಸೆಂಟರ್‌ನಲ್ಲಿ, ಅಂದ್ರೆ ಎಚ್‌ಐವಿ ಔಷಧಿ ಕೇಂದ್ರದಲ್ಲಿ, ಡಾಕ್ಟರ್ ಶುರು ಮಾಡೋದು, ಆಮೇಲೆ ಮನೆಗೆ ಹತ್ತಿರದ ಲಿಂಕ್ ಸೆಂಟರ್‌ನಲ್ಲಿ ಮಾತ್ರೆ ತಗೊಳ್ಳೋದು. ಸೋಂಕು ಜಾಸ್ತಿ ಇದ್ದ ಬಾಗಲಕೋಟೆ, ಬೆಳಗಾವಿಯಂಥ ಕಡೆ ಈ ಲಿಂಕ್ ಸೆಂಟರ್‌ಗಳಿಂದ ಓಡಾಟ ತಪ್ಪಿತು. ನಮಗೆ ರೋಗಿಗಳ ಪ್ರಮಾಣ ಕಮ್ಮಿ, ಡಾಕ್ಟರ್ ಸಂಖ್ಯೆ ಜಾಸ್ತಿ, ಹಾಗಾಗಿ ಅಲ್ಲಿನ ಮಾಡೆಲ್ ಇಲ್ಲಿಗೆ ಹಂಗೇ ತರಬೇಕು ಅಂತ ಹೇಳೋಕಾಗಲ್ಲ. ಬಿಪಿ, ಶುಗರ್ ಮಾತ್ರ ಬೇರೆ, ಅದು ಮನೆಮನೆಯಲ್ಲೂ ಇದೆ.

ಇನ್ನೊಂದು ಹೇಳಿ ಮುಗಿಸ್ತೀನಿ. 2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ವಿದೇಶಿ ನೆರವನ್ನ ತಡೆಹಿಡೀತು. ದಕ್ಷಿಣ ಆಫ್ರಿಕಾ ತನ್ನ ಎಚ್‌ಐವಿ ಮಾತ್ರೆಗಳನ್ನ ಬಹುಪಾಲು ತನ್ನ ದುಡ್ಡಲ್ಲೇ ಕೊಳ್ಳುತ್ತೆ, ಒಟ್ಟು ಎಚ್‌ಐವಿ ಖರ್ಚಲ್ಲಿ ಅಮೆರಿಕದ ಪಾಲು ಸುಮಾರು 17 ಪರ್ಸೆಂಟ್ ಅಷ್ಟೇ, ಹಾಗಾಗಿ ಮಾತ್ರೆ ನಿಲ್ಲಲಿಲ್ಲ. ಆದ್ರೆ ಆ 17 ಪರ್ಸೆಂಟ್ ದುಡ್ಡು ಹೋಗ್ತಿದ್ದಿದ್ದು ಹೆಚ್ಚಾಗಿ ಜನರಿಗೆ: ಕೌನ್ಸೆಲರ್‌ಗಳು, ಡೇಟಾ ಬರೆಯೋರು, ಮೆಂಟರ್ ನರ್ಸ್‌ಗಳು, ಮಾತ್ರೆ ಬಿಟ್ಟವರನ್ನ ಹುಡುಕ್ಕೊಂಡು ಮನೆಗೆ ಹೋಗೋರು. ಸಾವಿರಾರು ಜನರ ಕೆಲಸ ಹೋಯ್ತು. ಈ ತಿಂಗಳು ಯಾರು ಬಂದಿಲ್ಲ ಅಂತ ರಿಜಿಸ್ಟರ್ ತಿರುವಿ ನೋಡಿ, ಫೋನ್ ಮಾಡಿ, ಸಿಗದಿದ್ರೆ ಹುಡುಕಿಸೋ ಕೆಲಸ ಮತ್ತೆ ಕ್ಲಿನಿಕ್‌ನ ಸಿಸ್ಟರ್ ಪಾಲಿಗೇ ಬಂದಿದೆ, ಉಳಿದ ಕೆಲಸದಲ್ಲಿ ಯಾವುದೂ ಕಮ್ಮಿ ಆಗಿಲ್ಲ.